ರಕ್ತದ ಬೇರು, ರೋಗದ ಬೇರು

ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ವೈದ್ಯರನ್ನು ಒಂದು ಒಗಟು ಬಹುಕಾಲ ಕಾಡಿತು. ಔಷಧ ಕೆಲಸ ಮಾಡಿದಾಗ ರೋಗಿಯ ಜ್ವರ ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತದಲ್ಲಿ ಕೆಟ್ಟ ಕಣ ಒಂದೂ ಕಾಣುವುದಿಲ್ಲ. ಮನೆಯವರು ಹರಕೆ ತೀರಿಸಿ ನಿಟ್ಟುಸಿರು ಬಿಡುತ್ತಾರೆ. ಆದರೆ ಎಷ್ಟೋ ಮಂದಿಯಲ್ಲಿ ಕೆಲವು ತಿಂಗಳ ಬಳಿಕ, ಇಲ್ಲವೆ ಒಂದೆರಡು ವರ್ಷದ ಮೇಲೆ, ಅದೇ ರೋಗ ಮೊದಲಿಗಿಂತ ಹಟಮಾರಿಯಾಗಿ ಮರಳುತ್ತದೆ. ಕೆಟ್ಟ ಕಣಗಳೆಲ್ಲ ಸತ್ತಿದ್ದರೆ ಈ ರೋಗ ಬಂದದ್ದು ಎಲ್ಲಿಂದ? ಸತ್ತಿರದಿದ್ದರೆ ಉಳಿದುಕೊಂಡ ಕಣ ಯಾವುದು?

ಈ ಒಗಟಿನ ಆರಂಭದ ಅಧ್ಯಾಯದಲ್ಲಿ ಭಾರತೀಯರೊಬ್ಬರ ಹೆಸರೂ ಇದೆ. 1947ರ ಕೊನೆಯ ದಿನಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರ್‌ನಿಂದ ಸಾವಿನಂಚಿನಲ್ಲಿದ್ದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಡತೊಡಗಿದರು. ಅದು ತಯಾರಾದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರೆಂದು 1948ರಲ್ಲಿ ವರದಿ ಪ್ರಕಟವಾಯಿತು. ಅದುವರೆಗೆ ಕೈಚೆಲ್ಲಿ ಕುಳಿತಿದ್ದ ವೈದ್ಯಲೋಕಕ್ಕೆ ಅದೊಂದು ಪವಾಡವೇ ಸರಿ. ಆದರೆ ಆ ವರದಿಯ ಶೀರ್ಷಿಕೆಯಲ್ಲೇ 'ತಾತ್ಕಾಲಿಕ' ಎಂಬ ಮಾತಿತ್ತು. ರೋಗ ಮರಳಿ ಬಂದಿತ್ತು.

ಮರಳಿ ಬರುವ ಈ ರೋಗದ ಮೂಲ ಎಲ್ಲಿದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗಲು ಹತ್ತಿರಹತ್ತಿರ ಅರ್ಧ ಶತಮಾನ ಬೇಕಾಯಿತು. ಉತ್ತರ ಬಂದದ್ದು ಕೆನಡಾದ ಟೊರಾಂಟೊ ನಗರದಿಂದ, ಜಾನ್ ಡಿಕ್ ಎಂಬ ವಿಜ್ಞಾನಿಯ ಪ್ರಯೋಗಾಲಯದಿಂದ. ಅವರ ಕೆಲಸ ಅರ್ಥವಾಗಬೇಕಾದರೆ ಮೊದಲು ನಮ್ಮ ರಕ್ತ ಹುಟ್ಟುವ ಬಗೆಯನ್ನು ತಿಳಿಯಬೇಕು.

ದಿನಕ್ಕೆ 20 ಸಾವಿರ ಕೋಟಿ

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಹತ್ತು ದಿನ ಬಾಳಿದರೆ ಹೆಚ್ಚು. ಸತ್ತವುಗಳ ಜಾಗ ತುಂಬಲು ವಯಸ್ಕರ ದೇಹ ಪ್ರತಿದಿನ ಸುಮಾರು 20 ಸಾವಿರ ಕೋಟಿ ಕೆಂಪು ಕಣಗಳನ್ನು ಹೊಸದಾಗಿ ತಯಾರಿಸುತ್ತದೆ. ಈ ಕಾರ್ಖಾನೆ ಇರುವುದು ಎಲುಬಿನೊಳಗಿನ ಮಜ್ಜೆಯಲ್ಲಿ.

ಕೆಂಪು ಕಣವು ತಾನೇ ಒಡೆದು ಎರಡಾಗಲಾರದು. ಹಾಗಾದರೆ ಇಷ್ಟೊಂದು ಕಣಗಳು ಬರುವುದು ಹೇಗೆ? ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಮೂಲವಾದ ಒಂದೇ ಬಗೆಯ ಕೋಶ ಇರಬೇಕೆಂದು ರಷ್ಯದ ವಿಜ್ಞಾನಿ ಅಲೆಕ್ಸಾಂಡರ್ ಮ್ಯಾಕ್ಸಿಮೋವ್ 1909ರಲ್ಲೇ ವಾದಿಸಿದ್ದರು. ಇಂಥ ಮೂಲಕೋಶಕ್ಕೆ ಸ್ಟೆಮ್ ಸೆಲ್ ಎಂಬ ಹೆಸರಿದೆ. ಕನ್ನಡದಲ್ಲಿ ಆಕರಕೋಶ ಎನ್ನುತ್ತಾರೆ. ಅದರ ಲಕ್ಷಣ ಎರಡು. ಒಂದು, ಬೇರೆ ಬೇರೆ ಬಗೆಯ ರಕ್ತಕಣಗಳಾಗಿ ಬೆಳೆಯಬಲ್ಲ ಸಂತತಿಯನ್ನು ಅದು ಹುಟ್ಟಿಸುತ್ತದೆ. ಎರಡು, ಹಾಗೆ ಹುಟ್ಟಿಸುತ್ತಲೇ ತನ್ನಂಥದೇ ಇನ್ನೊಂದು ಆಕರಕೋಶವನ್ನೂ ಉಳಿಸಿಕೊಳ್ಳುತ್ತದೆ. ಬೆಳೆಯನ್ನೆಲ್ಲ ಉಣ್ಣದೆ ಮುಂದಿನ ವರ್ಷದ ಬಿತ್ತನೆಗೆ ಕಾಳು ತೆಗೆದಿಡುವ ರೈತನ ಜಾಣತನ ಅದರದು.

ಆದರೆ ಮ್ಯಾಕ್ಸಿಮೋವ್ ಹೇಳಿದ್ದು ಊಹೆ. ಮಜ್ಜೆಯನ್ನು ಗಾಜಿನ ಮೇಲೆ ಸವರಿ ನೋಡಿದರೆ ಆಕರಕೋಶವೂ ಇತರ ಎಳೆಯ ಕೋಶಗಳೂ ಒಂದೇ ಥರ ಕಾಣುತ್ತಿದ್ದವು. ಕಣ್ಣಿಗೆ ಬೇರೆಯಾಗಿ ಕಾಣದ್ದನ್ನು ಇದೆಯೆಂದು ಸಾಧಿಸುವುದು ಹೇಗೆ?

ಗುಲ್ಮದ ಮೇಲಿನ ಗಂಟುಗಳು

1945ರಲ್ಲಿ ಹಿರೋಷಿಮಾ ಮತ್ತು ನಾಗಾಸಾಕಿಗಳ ಮೇಲೆ ಬಿದ್ದ ಅಣುಬಾಂಬಿನ ಬೆಂಕಿ ಮತ್ತು ಹೊಡೆತದಿಂದ ಪಾರಾದ ಎಷ್ಟೋ ಜನ ಕೆಲವು ವಾರಗಳ ಬಳಿಕ ಸತ್ತರು. ವಿಕಿರಣಕ್ಕೆ ಸಿಕ್ಕಿದ ಅವರ ಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸಿತ್ತು. ಮಜ್ಜೆಗೂ ವಿಕಿರಣಕ್ಕೂ ಇರುವ ಸಂಬಂಧ ಆಮೇಲಿನ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ಸಂಶೋಧನೆಯ ವಸ್ತುವಾಯಿತು. ಟೊರಾಂಟೊದ ಪ್ರಿನ್ಸೆಸ್ ಮಾರ್ಗರೆಟ್ ಆಸ್ಪತ್ರೆಗೆ ಸೇರಿದ ಕ್ಯಾನ್ಸರ್ ಸಂಸ್ಥೆಯಲ್ಲಿ ಈ ಕೆಲಸಕ್ಕೆ ಜೊತೆಯಾದವರು ಇಬ್ಬರು: ಭೌತವಿಜ್ಞಾನಿ ಜೇಮ್ಸ್ ಟಿಲ್, ವೈದ್ಯ ಅರ್ನೆಸ್ಟ್ ಮೆಕುಲಕ್.

ಅವರ ಪ್ರಯೋಗ ಸರಳವಾಗಿತ್ತು. ಇಲಿಗಳಿಗೆ ಸಾಯುವಷ್ಟು ವಿಕಿರಣ ಹಾಯಿಸಿ, ಬಳಿಕ ಬೇರೆ ಇಲಿಗಳ ಮಜ್ಜೆಯ ಕೋಶಗಳನ್ನು ಎಣಿಸಿ ಅವುಗಳ ರಕ್ತನಾಳಕ್ಕೆ ಚುಚ್ಚುವುದು. ಎಷ್ಟು ಕೋಶ ಕೊಟ್ಟರೆ ಇಲಿ ಬದುಕುತ್ತದೆಂದು ನೋಡುವುದು. ಸುಮಾರು ಹತ್ತು ದಿನಗಳ ಬಳಿಕ ಮೆಕುಲಕ್ ಇಲಿಗಳನ್ನು ಕೊಯ್ದು ನೋಡಿದಾಗ ಗುಲ್ಮದ ಮೇಲೆ ಸಣ್ಣ ಗಂಟುಗಳು ಕಂಡವು. ಅವರು ಅವನ್ನು ಅಲ್ಲಿಗೇ ಬಿಡದೆ ಎಣಿಸಿದರು. ಹೆಚ್ಚು ಕೋಶ ಚುಚ್ಚಿದ ಇಲಿಯಲ್ಲಿ ಹೆಚ್ಚು ಗಂಟು, ಕಡಿಮೆ ಚುಚ್ಚಿದಲ್ಲಿ ಕಡಿಮೆ. ಲೆಕ್ಕ ಹಾಕಿದರೆ ಮಜ್ಜೆಯ ಸುಮಾರು ಹತ್ತು ಸಾವಿರ ಕೋಶಗಳಿಗೆ ಒಂದು ಗಂಟು. ಹಲವು ಗಂಟುಗಳೊಳಗೆ ಬಗೆಬಗೆಯ ರಕ್ತಕಣಗಳು ಬೆಳೆಯುತ್ತಿದ್ದವು.

1961ರಲ್ಲಿ ಪ್ರಕಟವಾದ ಈ ಫಲಿತಾಂಶ ಆಗ ಹೆಚ್ಚು ಜನರ ಗಮನ ಸೆಳೆಯಲಿಲ್ಲ. 1963ರಲ್ಲಿ ಅವರ ವಿದ್ಯಾರ್ಥಿ ಆಂಡ್ರ್ಯೂ ಬೆಕರ್, ವಿಕಿರಣದಿಂದ ವರ್ಣತಂತುಗಳಲ್ಲಿ ಗುರುತು ಮೂಡಿಸಿ, ಗಂಟೊಂದರ ಕೋಶಗಳೆಲ್ಲ ಒಂದೇ ತಾಯಿಕೋಶದ ಮಕ್ಕಳೆಂದು ತೋರಿಸಿದರು. ಅದೇ ವರ್ಷ ಲೂ ಸಿಮಿನೊವಿಚ್ ಅವರೊಡನೆ ನಡೆಸಿದ ಪ್ರಯೋಗದಲ್ಲಿ ಒಂದು ಗಂಟಿನ ಕೋಶಗಳನ್ನು ಮತ್ತೊಂದು ಇಲಿಗೆ ಕೊಟ್ಟಾಗ ಅಲ್ಲಿಯೂ ಹೊಸ ಗಂಟುಗಳು ಎದ್ದವು. ಆ ಗಂಟುಗಳಲ್ಲಿ ಹಲವು ನಿಜವಾದ ಆಕರಕೋಶದಿಂದಲ್ಲ, ಅದರ ಮುಂದಿನ ಪೀಳಿಗೆಯ ಕೋಶದಿಂದ ಹುಟ್ಟುತ್ತವೆಂದು ಮುಂದೆ ತಿಳಿಯಿತು. ಆದರೂ ಟಿಲ್ ಮತ್ತು ಮೆಕುಲಕ್ ಹಾಕಿಕೊಟ್ಟ ದಾರಿ ಉಳಿಯಿತು. ಆಕರಕೋಶವನ್ನು ಅದರ ರೂಪದಿಂದ ಗುರುತಿಸಲಾಗದು. ಅದು ಮಾಡಿ ತೋರಿಸುವ ಕೆಲಸದಿಂದ ಗುರುತಿಸಬೇಕು. ಹೊಸ ದೇಹದೊಳಗೆ ಬಿತ್ತಿದಾಗ ರಕ್ತವನ್ನು ಮತ್ತೆ ಬೆಳೆಸಬಲ್ಲದ್ದೇ ಆಕರಕೋಶ. 2005ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಮೆಕುಲಕ್ 2011ರಲ್ಲಿ ನಿಧನರಾದರು.

ಇಲಿಯೊಳಗೆ ಮನುಷ್ಯನ ರಕ್ತ

ಜಾನ್ ಡಿಕ್ ಬೆಳೆದದ್ದು ಕೆನಡಾದ ಮ್ಯಾನಿಟೋಬ ಪ್ರಾಂತ್ಯದ ಹೊಲಮನೆಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಿಂದ 1984ರಲ್ಲಿ ಡಾಕ್ಟರೇಟ್ ಪಡೆದು ಟೊರಾಂಟೊಗೆ ಬಂದು ಅಲನ್ ಬರ್ನ್‌ಸ್ಟೀನ್ ಅವರ ಪ್ರಯೋಗಾಲಯ ಸೇರಿದರು. ವೈರಸ್ಸನ್ನು ವಾಹನವಾಗಿಸಿಕೊಂಡು ಇಲಿಯ ಆಕರಕೋಶದೊಳಗೆ ಗುರುತಿನ ಜೀನ್ ಒಂದನ್ನು ಸೇರಿಸಿ, ಆ ಗುರುತು ಇಲಿಯ ರಕ್ತದಲ್ಲೆಲ್ಲ ಕಾಣಿಸಿಕೊಳ್ಳುವುದನ್ನು 1985ರಲ್ಲಿ ತೋರಿಸಿದ ತಂಡದಲ್ಲಿ ಅವರು ಮುಂಚೂಣಿಯಲ್ಲಿದ್ದರು.

ಆದರೆ ಇವೆಲ್ಲ ಇಲಿಯ ಮಾತು. ಮನುಷ್ಯನ ಆಕರಕೋಶವನ್ನು ಪರೀಕ್ಷಿಸುವುದು ಹೇಗೆ? ಮನುಷ್ಯರಿಗೆ ವಿಕಿರಣ ಹಾಯಿಸಿ ಪ್ರಯೋಗ ಮಾಡಲಾಗದು. ಮನುಷ್ಯನ ಕೋಶವನ್ನು ಇಲಿಗೆ ಚುಚ್ಚಿದರೆ ಅದರ ರೋಗನಿರೋಧಕ ಶಕ್ತಿ ಪರಕೀಯವೆಂದು ಕೊಂದುಹಾಕುತ್ತದೆ. ಆ ಶಕ್ತಿಯೇ ಇಲ್ಲದ ಇಲಿ ಸಿಕ್ಕಿದರೆ? 1983ರಲ್ಲಿ ಫಿಲಡೆಲ್ಫಿಯದ ಮೆಲ್ವಿನ್ ಬೋಸ್ಮಾ ಮತ್ತು ಸಂಗಡಿಗರು ಅಂಥ ಒಂದು ಇಲಿಯ ತಳಿಯನ್ನು ವರ್ಣಿಸಿದ್ದರು. ಇಂಥ ದುರ್ಬಲ ಇಲಿಗಳೇ ಡಿಕ್ ಅವರ ಹೊಲವಾದವು. 1988ರಲ್ಲಿ ಡಿಕ್ ಮತ್ತು ಅವರ ವಿದ್ಯಾರ್ಥಿನಿ ಸುಜಾನ್ ಕಮೆಲ್ ರೀಡ್ ನಿರೋಧಕ ಶಕ್ತಿ ಕುಂದಿದ ಇಲಿಗಳ ಮಜ್ಜೆಯಲ್ಲಿ ಮನುಷ್ಯನ ರಕ್ತಕೋಶಗಳು ನೆಲೆಯೂರಿದ್ದನ್ನು ವರದಿ ಮಾಡಿದರು. ಅದೇ ವರ್ಷ ಅಮೆರಿಕದಲ್ಲೂ ಬೇರೆ ತಂಡಗಳು ಬೇರೆ ವಿಧಾನಗಳಿಂದ ಇದೇ ಗುರಿಯತ್ತ ಹೆಜ್ಜೆ ಇಟ್ಟವು. ಟಿಲ್ ಮತ್ತು ಮೆಕುಲಕ್ ಇಲಿಯ ಕೋಶಕ್ಕೆ ಒಡ್ಡಿದ ಪರೀಕ್ಷೆಯನ್ನು ಇನ್ನು ಮನುಷ್ಯನ ಕೋಶಕ್ಕೂ ಒಡ್ಡಬಹುದಾಗಿತ್ತು.

ಎರಡೂವರೆ ಲಕ್ಷದಲ್ಲಿ ಒಂದು

ಮುಂದಿನ ಪ್ರಶ್ನೆ ರೋಗದ್ದು. ತೀವ್ರ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಬಲಿಯದ ಬಿಳಿ ಕೋಶಗಳು ಮಜ್ಜೆಯನ್ನೂ ರಕ್ತವನ್ನೂ ತುಂಬಿಬಿಡುತ್ತವೆ. ರೋಗಿಯ ದೇಹದಲ್ಲಿ ಅವುಗಳ ಸಂಖ್ಯೆ ಲಕ್ಷ ಕೋಟಿಯ ಲೆಕ್ಕದಲ್ಲಿರಬಹುದು. ಇವೆಲ್ಲವೂ ಸಮಾನವೇ? ಮೂಟೆಯಲ್ಲಿರುವುದೆಲ್ಲ ಮೊಳೆಯುವ ಬೀಜವೇ? ಅಥವಾ ಬೀಜ ಕೆಲವು, ಮಿಕ್ಕದ್ದೆಲ್ಲ ಜೊಳ್ಳೇ? ನೋಡಿದರೆ ತಿಳಿಯದು, ಬಿತ್ತಿ ನೋಡಬೇಕು.

ಡಿಕ್ ಅವರ ತಂಡ ರೋಗಿಗಳ ರಕ್ತದಿಂದ ಪಡೆದ ಲ್ಯುಕೇಮಿಯ ಕೋಶಗಳನ್ನು ಇಲಿಗಳಿಗೆ ಚುಚ್ಚಿತು. ಇಲಿಗಳ ಮಜ್ಜೆಯಲ್ಲಿ ಮನುಷ್ಯನ ರೋಗವೇ ಬೆಳೆಯಿತು. ಆಮೇಲೆ ಕೋಶಗಳನ್ನು ವಿಂಗಡಿಸಿದರು. ಕೋಶದ ಹೊರಮೈಯಲ್ಲಿ ಹಲವು ಪ್ರೋಟೀನ್‌ಗಳಿರುತ್ತವೆ. ಬಲಿತ ಕೋಶದ ಮೇಲಿನವು ಒಂದು ಬಗೆ, ಎಳೆಯದರ ಮೇಲಿನವು ಇನ್ನೊಂದು ಬಗೆ. ಸಿಡಿ-34 ಎಂಬ ಪ್ರೋಟೀನ್ ಇದ್ದು ಸಿಡಿ-38 ಇಲ್ಲದ ಕೋಶಗಳು ಆರೋಗ್ಯವಂತರಲ್ಲಿ ಆಕರಕೋಶದ ಮಟ್ಟದವು. ರೋಗಿಯ ಕೋಶಗಳಲ್ಲಿ ಈ ಗುರುತಿನವನ್ನು ಬೇರ್ಪಡಿಸಿ ಒಂದು ಗುಂಪಿನ ಇಲಿಗಳಿಗೂ ಉಳಿದವನ್ನು ಮತ್ತೊಂದು ಗುಂಪಿಗೂ ಕೊಟ್ಟರು. ರೋಗ ಬಂದದ್ದು ಮೊದಲ ಗುಂಪಿಗೆ ಮಾತ್ರ. ಉಳಿದ ಕೋಶಗಳು ಸಂಖ್ಯೆಯಲ್ಲಿ ಎಷ್ಟೋ ಹೆಚ್ಚಿದ್ದರೂ ರೋಗವನ್ನು ಬೆಳೆಸಲಾರದೆ ಹೋದವು. ರೋಗವನ್ನು ಬಿತ್ತಬಲ್ಲ ಕೋಶ ಸುಮಾರು ಎರಡೂವರೆ ಲಕ್ಷಕ್ಕೆ ಒಂದು ಎಂಬ ಲೆಕ್ಕ ಸಿಕ್ಕಿತು. ಸ್ವೀ ಲಪಿಡೋಟ್ ಮೊದಲ ಲೇಖಕರಾಗಿದ್ದ ಈ ಪ್ರಬಂಧ 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು.

1997ರಲ್ಲಿ ಡೊಮಿನಿಕ್ ಬೊನೆ ಅವರೊಡನೆ ಡಿಕ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಇಲಿಯಲ್ಲಿ ಬೆಳೆದ ರೋಗವನ್ನು ಎರಡನೆಯ ಇಲಿಗೂ ದಾಟಿಸಬಹುದೆಂದು, ಅಂದರೆ ಆ ಕೋಶಗಳಿಗೆ ತಮ್ಮನ್ನು ತಾವೇ ನವೀಕರಿಸಿಕೊಳ್ಳುವ ಶಕ್ತಿಯಿದೆಯೆಂದು ಅವರು ತೋರಿಸಿದರು. ಲ್ಯುಕೇಮಿಯ ಕೂಡ ಆರೋಗ್ಯವಂತ ರಕ್ತದ ಹಾಗೆಯೇ ಒಂದು ವಂಶವೃಕ್ಷ. ಬುಡದಲ್ಲಿ ಕೆಲವೇ ಆಕರಕೋಶ, ಮೇಲೆ ಅವುಗಳ ಅಪಾರ ಸಂತತಿ.

ಮರಳಿ ಬರುವ ರೋಗದ ಒಗಟು ಈಗ ಬಿಡಿಸಿಕೊಳ್ಳತೊಡಗಿತು. ಕ್ಯಾನ್ಸರ್‌ನ ಹಳೆಯ ಔಷಧಗಳಲ್ಲಿ ಹೆಚ್ಚಿನವು ಬಿರುಸಾಗಿ ಒಡೆಯುತ್ತಿರುವ ಕೋಶಗಳನ್ನು ಕೊಲ್ಲುತ್ತವೆ. ರೋಗದ ಆಕರಕೋಶಗಳಲ್ಲಿ ಹಲವು ಒಡೆಯದೆ ಸುಮ್ಮನೆ ಮಲಗಿರುತ್ತವೆ. ಗರಿಕೆಯನ್ನು ಎಷ್ಟು ಸಲ ಕೊಯ್ದರೂ ನೆಲದಡಿಯ ಬೇರು ಉಳಿದರೆ ಮೊದಲ ಮಳೆಗೆ ಮತ್ತೆ ಚಿಗುರುತ್ತದಲ್ಲ, ಹಾಗೆ. ಗುಣವಾಯಿತೆಂದು ವೈದ್ಯರು ಎಣಿಸುತ್ತಿದ್ದದ್ದು ಸತ್ತ ಎಲೆಗಳನ್ನು.

ಹೊಲ ಬದಲಾದರೆ ಲೆಕ್ಕವೂ ಬದಲು

ವಿಚಾರ ಬೇಗ ಹರಡಿತು. ಸ್ತನದ ಕ್ಯಾನ್ಸರ್‌ನಲ್ಲಿ 2003ರಲ್ಲಿ, ಮೆದುಳಿನ ಗಡ್ಡೆಯಲ್ಲಿ 2004ರಲ್ಲಿ ಇಂಥದೇ ಕೋಶಗಳ ವರದಿ ಬಂತು. 2007ರಲ್ಲಿ ಡಿಕ್ ಅವರ ತಂಡವೇ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಅವನ್ನು ಗುರುತಿಸಿತು. ಎಲ್ಲ ಕ್ಯಾನ್ಸರ್‌ಗೂ ಒಂದೇ ಬೀಗದ ಕೈ ಸಿಕ್ಕಿತೆಂದು ಕೆಲವರು ಸಂಭ್ರಮಿಸಿದರು.

ಆಕ್ಷೇಪಗಳು ತಡವಾಗಲಿಲ್ಲ. ಮನುಷ್ಯನ ಕೋಶಕ್ಕೆ ಇಲಿಯ ದೇಹ ಪರದೇಶ. ಅಲ್ಲಿ ಬದುಕಲಾರದ ಕೋಶವೆಲ್ಲ ಜೊಳ್ಳು ಎನ್ನುವುದು ಹೇಗೆ? ಇಲಿಯ ಲ್ಯುಕೇಮಿಯ ಮತ್ತು ಲಿಂಫೋಮಗಳನ್ನು ಇಲಿಗೇ ಬಿತ್ತಿದರೆ ರೋಗ ಹುಟ್ಟಿಸುವ ಕೋಶಗಳು ವಿರಳವಲ್ಲವೆಂದು 2007ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ತೋರಿಸಿದರು. 2008ರಲ್ಲಿ ಅಮೆರಿಕದ ಶಾನ್ ಮಾರಿಸನ್ ಅವರ ತಂಡ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನ ಕೋಶಗಳನ್ನು ಇನ್ನಷ್ಟು ದುರ್ಬಲ ಇಲಿಗಳಿಗೆ ಕೊಟ್ಟಾಗ ಸುಮಾರು ನಾಲ್ಕರಲ್ಲಿ ಒಂದು ಕೋಶ ಗಡ್ಡೆಯಾಗಿ ಬೆಳೆಯಿತು. ಅದೇ ವರ್ಷ, ಲಂಡನ್‌ಗೆ ಹೋಗಿದ್ದ ಬೊನೆ ಅವರ ತಂಡ ಮತ್ತೊಂದು ತೊಡಕನ್ನು ಬಯಲಿಗೆಳೆಯಿತು. ಸಿಡಿ-38ನ್ನು ಗುರುತಿಸಲು ಬಳಸುವ ಪ್ರತಿಕಾಯವೇ ಕೆಲವು ಕೋಶಗಳು ಇಲಿಯಲ್ಲಿ ನೆಲೆಯೂರದಂತೆ ತಡೆಯುತ್ತಿತ್ತು. ಅಂದರೆ ಆ ಗುರುತಿರುವ ಕೋಶಗಳಲ್ಲೂ ಬೀಜವಿತ್ತು.

ಎರಡೂವರೆ ಲಕ್ಷಕ್ಕೆ ಒಂದು ಎಂಬ ಅಂಕಿ ಹೀಗೆ ಶಾಶ್ವತವಲ್ಲವೆಂದು ತಿಳಿಯಿತು. ಎಲ್ಲ ಕ್ಯಾನ್ಸರ್‌ಗೂ ಒಂದೇ ನಿಯಮ ಅನ್ವಯಿಸುವುದಿಲ್ಲವೆಂಬುದೂ ಸ್ಪಷ್ಟವಾಯಿತು. ಆದರೆ ತೀವ್ರ ಮೈಲಾಯ್ಡ್ ಲ್ಯುಕೇಮಿಯದ ಮಟ್ಟಿಗೆ ಮೂಲ ಮಾತು ನಿಂತಿತು. ಇದಕ್ಕೆ ಬಲವಾದ ಪುರಾವೆ ಬಂದದ್ದು ಇಲಿಯಿಂದಲ್ಲ, ರೋಗಿಗಳಿಂದ. ರೋಗದ ಆಕರಕೋಶಗಳಲ್ಲಿ ಕ್ರಿಯಾಶೀಲವಾಗಿರುವ 17 ಜೀನ್‌ಗಳ ಅಳತೆಯೊಂದನ್ನು ಡಿಕ್ ಮತ್ತು ಸಹೋದ್ಯೋಗಿಗಳು 2016ರಲ್ಲಿ ಪ್ರಕಟಿಸಿದರು. ಈ ಅಂಕ ಹೆಚ್ಚಿದ್ದ ರೋಗಿಗಳಿಗೆ ಸಾಮಾನ್ಯ ಚಿಕಿತ್ಸೆ ಅಷ್ಟಾಗಿ ಫಲಿಸುತ್ತಿರಲಿಲ್ಲ. ಅವರು ಬದುಕುಳಿಯುವ ಅವಧಿಯೂ ಕಡಿಮೆಯಿತ್ತು.

ರೋಗಕ್ಕೆ ಮುಂಚಿನ ಕೋಶ

ಬೇರಿಗೂ ಹಿಂದೆ ಏನಿತ್ತು? ಆರೋಗ್ಯವಂತ ಆಕರಕೋಶ ಒಂದೇ ರಾತ್ರಿಯಲ್ಲಿ ಕ್ಯಾನ್ಸರ್ ಆಗುವುದಿಲ್ಲ. ಅದರ ಜೀನ್‌ಗಳಲ್ಲಿ ಒಂದರ ಮೇಲೊಂದು ಬದಲಾವಣೆಗಳು ಕೂಡಿಬರಬೇಕು. 2014ರಲ್ಲಿ ಲಿರಾನ್ ಶ್ಲುಶ್, ಡಿಕ್ ಮತ್ತಿತರರು ರೋಗಿಗಳ ರಕ್ತದಲ್ಲಿ ಈ ನಡುಹಾದಿಯ ಕೋಶಗಳನ್ನು ಹಿಡಿದರು. ಡಿಎನ್‌ಎಂಟಿ-3ಎ ಎಂಬ ಜೀನ್‌ನಲ್ಲಿ ಬದಲಾವಣೆಯಾಗಿದ್ದ ಆಕರಕೋಶಗಳು ಅವು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಕೆಂಪು ಕಣ, ಬಿಳಿ ಕಣಗಳನ್ನು ಹೆರುತ್ತ ತಮ್ಮ ಕೆಲಸ ಮಾಡಿಕೊಂಡಿದ್ದವು. ಆದರೆ ಪಕ್ಕದ ಆಕರಕೋಶಗಳಿಗಿಂತ ಹೆಚ್ಚಾಗಿ ಹಬ್ಬುತ್ತಿದ್ದವು, ಚಿಕಿತ್ಸೆಯ ಬಳಿಕವೂ ಬದುಕಿ ಉಳಿದಿದ್ದವು.

ಅದೇ ವರ್ಷ ಬೇರೆ ತಂಡಗಳು ಸಾವಿರಾರು ಜನರ ರಕ್ತವನ್ನು ಪರೀಕ್ಷಿಸಿದಾಗ, 70 ದಾಟಿದವರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಯಲ್ಲಿ ಇಂಥ ಬದಲಾವಣೆ ಹೊತ್ತ ರಕ್ತಕೋಶಗಳು ಕಂಡವು. ಅವರಲ್ಲಿ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಬರುವವರು ಯಾರು? 2018ರಲ್ಲಿ ಡಿಕ್, ಶ್ಲುಶ್ ಮತ್ತು ಹಲವು ದೇಶಗಳ ಸಂಶೋಧಕರು, ಮುಂದೆ ಲ್ಯುಕೇಮಿಯಕ್ಕೆ ತುತ್ತಾದವರು ಆರೋಗ್ಯವಾಗಿದ್ದಾಗ ಕೊಟ್ಟಿದ್ದ ರಕ್ತವನ್ನು ತೆಗೆದು ನೋಡಿದರು. ಬದಲಾವಣೆಗಳ ಸಂಖ್ಯೆ, ಅವು ಯಾವ ಜೀನ್‌ನಲ್ಲಿವೆ, ಎಷ್ಟು ಕೋಶಗಳಿಗೆ ಹಬ್ಬಿವೆ ಎಂಬುದರಿಂದ ಅಪಾಯವನ್ನು ವರ್ಷಗಳ ಮುಂಚೆಯೇ ಅಂದಾಜಿಸಬಹುದೆಂದು ಕಂಡುಬಂತು. ಇದು ಭರವಸೆಯಷ್ಟೇ ಭಾರವೂ ಹೌದು. ತಡೆಯುವ ಮದ್ದು ಕೈಯಲ್ಲಿಲ್ಲದಾಗ ಆರೋಗ್ಯವಂತನೊಬ್ಬನಿಗೆ 'ನಿನ್ನ ರಕ್ತದಲ್ಲಿ ಬೀಜವಿದೆ' ಎಂದು ಹೇಳುವುದು ಸುಲಭದ ಮಾತಲ್ಲ.

ಬೇರು ಕೀಳುವ ಮದ್ದು

ಬೇರು ಎಲ್ಲಿದೆಯೆಂದು ತಿಳಿದ ಮಾತ್ರಕ್ಕೆ ಅದನ್ನು ಕೀಳಲು ಬಂದಂತಾಗಲಿಲ್ಲ. ಇಮ್ಯಾಟಿನಿಬ್ ಮಾತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಮಾತ್ರೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯವನ್ನು ಬಹುಮಂದಿಗೆ ಮಾತ್ರೆ ನುಂಗಿಕೊಂಡು ಬಾಳಬಹುದಾದ ಕಾಯಿಲೆಯಾಗಿಸಿತು. ಆದರೆ ಎರಡು ವರ್ಷ ರೋಗದ ಸುಳಿವೇ ಕಾಣದಿದ್ದವರಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಫ್ರಾನ್ಸಿನ ಅಧ್ಯಯನದಲ್ಲಿ, ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳಿತೆಂದು 2010ರಲ್ಲಿ ವರದಿಯಾಯಿತು. ಮಾತ್ರೆ ಮತ್ತೆ ಕೊಟ್ಟಾಗ ಅದು ಹತೋಟಿಗೆ ಬಂತು. ಸಂತತಿ ಅಳಿದಿತ್ತು, ಆಕರಕೋಶ ಉಳಿದಿತ್ತು.

ಇನ್ನೊಂದು ದಾರಿ ತೆರೆದದ್ದು ಇಲಿಯ ಪ್ರಯೋಗಗಳೇ ಎಬ್ಬಿಸಿದ ಒಂದು ಪ್ರಶ್ನೆಯಿಂದ. ಒಂದು ತಳಿಯ ಇಲಿಯಲ್ಲಿ ಮಾತ್ರ ಮನುಷ್ಯನ ಕೋಶಗಳು ಅಷ್ಟು ಚೆನ್ನಾಗಿ ಬೆಳೆಯುವುದೇಕೆ? ಕೋಶದ ಮೇಲಿನ ಸಿಡಿ-47 ಎಂಬ ಪ್ರೋಟೀನ್, ದೇಹದ ಕಾವಲು ಕೋಶಗಳಿಗೆ 'ನನ್ನನ್ನು ನುಂಗಬೇಡ' ಎಂದು ಸನ್ನೆ ಮಾಡುತ್ತದೆ. ಆ ತಳಿಯ ಇಲಿಯ ಕಾವಲು ಕೋಶಗಳು ಮನುಷ್ಯನ ಸಿಡಿ-47ರ ಸನ್ನೆಯನ್ನು ಚೆನ್ನಾಗಿ ಅರಿಯುತ್ತವೆಂದು 2007ರಲ್ಲಿ ಟೊರಾಂಟೊದ ಜೇನ್ ಡಾನ್ಸ್ಕಾ, ಡಿಕ್ ಮತ್ತು ಸಂಗಡಿಗರು ಕಂಡುಕೊಂಡರು. ಲ್ಯುಕೇಮಿಯದ ಆಕರಕೋಶಗಳು ಇದೇ ಸನ್ನೆಯ ಮರೆಯಲ್ಲಿ ಅಡಗುತ್ತವೆಂದು 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ಅವರ ತಂಡ ತೋರಿಸಿತು. ಆ ಸನ್ನೆಯನ್ನು ಮುಚ್ಚುವ ಮ್ಯಾಗ್ರೊಲಿಮ್ಯಾಬ್ ಎಂಬ ಔಷಧದ ಮೇಲೆ ದೊಡ್ಡ ನಿರೀಕ್ಷೆ ನೆಟ್ಟಿತ್ತು. ಆದರೆ ರೋಗಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಅದು ಫಲ ನೀಡದೆ 2024ರಲ್ಲಿ ಲ್ಯುಕೇಮಿಯ ಚಿಕಿತ್ಸೆಯ ಕಣದಿಂದ ಹಿಂದೆ ಸರಿಯಿತು.

ಗೆಲುವು ಇಲ್ಲವೆಂದಲ್ಲ. ವಯಸ್ಸಿನಿಂದಲೋ ಬೇರೆ ಕಾಯಿಲೆಯಿಂದಲೋ ಕಠಿಣ ಚಿಕಿತ್ಸೆ ತಾಳಲಾರದವರಿಗೆ ವೆನೆಟೊಕ್ಲಾಕ್ಸ್ ಮತ್ತು ಅಜಾಸಿಟಿಡಿನ್ ಔಷಧಗಳನ್ನು ಜೊತೆಯಾಗಿ ಕೊಡುವ ಕ್ರಮ ಬಂದಿದೆ. ಈ ಜೋಡಿ ರೋಗದ ಆಕರಕೋಶಗಳು ಶಕ್ತಿ ಉತ್ಪಾದಿಸಿಕೊಳ್ಳುವ ವ್ಯವಸ್ಥೆಗೇ ಪೆಟ್ಟು ಕೊಡುತ್ತದೆಂದು 2018ರ ಅಧ್ಯಯನವೊಂದು ಹೇಳಿತು. 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಅಜಾಸಿಟಿಡಿನ್ ಒಂದನ್ನೇ ಪಡೆದವರಲ್ಲಿ ಅರ್ಧದಷ್ಟು ಜನ ಬದುಕುಳಿದ ಅವಧಿ 9.6 ತಿಂಗಳಾದರೆ, ಎರಡನ್ನೂ ಪಡೆದವರಲ್ಲಿ ಅದು 14.7 ತಿಂಗಳು. ಐದು ತಿಂಗಳು ಹೆಚ್ಚು. ಕಾಗದದ ಮೇಲೆ ಇದು ಸಣ್ಣ ಅಂಕಿ. ಒಂದು ಮದುವೆ ನೋಡಲು, ಒಂದು ಮೊಮ್ಮಗುವನ್ನು ಎತ್ತಿಕೊಳ್ಳಲು ಕಾದಿರುವವರಿಗೆ ಸಣ್ಣದಲ್ಲ.

ಲ್ಯುಕೇಮಿಯದ ಆಕರಕೋಶಗಳನ್ನು ಕಂಡುಹಿಡಿದುದಕ್ಕಾಗಿ ಜಾನ್ ಡಿಕ್ ಅವರಿಗೆ 2022ರಲ್ಲಿ ಕೆನಡಾದ ಗೇರ್ಡ್‌ನರ್ ಅಂತಾರಾಷ್ಟ್ರೀಯ ಪ್ರಶಸ್ತಿ ಸಂದಿತು. ಅವರ ಕೆಲಸ ಈ ರೋಗವನ್ನು ಗೆದ್ದಿಲ್ಲ. ಆದರೆ ವೈದ್ಯರು ಕೇಳುವ ಪ್ರಶ್ನೆಯನ್ನು ಅದು ಬದಲಿಸಿತು. ಎಷ್ಟು ಕೋಶ ಸತ್ತವು ಎಂದು ಎಣಿಸಿದರೆ ಈಗ ಸಾಲದು. ಉಳಿದಿರುವ ಕೋಶಕ್ಕೆ ಮತ್ತೆ ಬೆಳೆಯುವ ಶಕ್ತಿ ಇದೆಯೇ ಎಂದು ನೋಡಬೇಕು. ಹೊಸ ಔಷಧ ಯಾವುದೇ ಬರಲಿ, ಅದು ಮೊದಲು ಉತ್ತರಿಸಬೇಕಾದದ್ದು ಇದಕ್ಕೆ.